ವಿಮೆ ಕ್ಲೇಮು ತಿರಸ್ಕಾರವಾದರೆ ಮೊದಲು ಎಲ್ಲಿಗೆ ಹೋಗಬೇಕು?

ಆರೋಗ್ಯ ವಿಮೆಯ ಕ್ಲೇಮು ರಿಜೆಕ್ಟ್ ಆಯಿತು ಅಂದ ಕೂಡಲೇ ಹೆಚ್ಚಿನವರು ಏಜೆಂಟರಿಗೆ ಫೋನು ಮಾಡುತ್ತಾರೆ. ಅವರು ‘ಮಾತಾಡ್ತೀನಿ ಸರ್’ ಅನ್ನುತ್ತಾರೆ. ತಿಂಗಳುಗಳು ಹೋಗುತ್ತವೆ. ಫೋನಿನ ಮಾತಿಗೆ ದಾಖಲೆ ಇಲ್ಲ, ದೂರು ಕೊಡುವ ಗಡುವು ಮಾತ್ರ ಓಡುತ್ತಲೇ ಇರುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಎಲ್ಲವೂ ಬರಹದಲ್ಲಿರಲಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಕ್ಯಾಶ್‌ಲೆಸ್ (ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರ ಕಟ್ಟುವುದು) ಸಿಗಲಿಲ್ಲ ಅಂದರೆ ಕ್ಲೇಮು ತಿರಸ್ಕಾರವಾಯಿತು ಅಂತ ಅರ್ಥವಲ್ಲ. ಬಿಲ್ಲು ಕಟ್ಟಿ, ಅಸಲು ರಸೀದಿಗಳು, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟುಗಳನ್ನು ಕೊಟ್ಟು ಹಣ ವಾಪಸ್ ಕೇಳಬಹುದು. ಕೊಡುವ ಮುಂಚೆ ಪ್ರತಿ ಹಾಳೆಯ ಜೆರಾಕ್ಸ್ ಇಟ್ಟುಕೊಳ್ಳಿ.

ಕಾರಣವನ್ನು ಬರಹದಲ್ಲಿ ಕೇಳಿ

ಪಾಲಿಸಿಯ ಯಾವ ಷರತ್ತಿನ ಮೇಲೆ ಕ್ಲೇಮು ನಿರಾಕರಿಸಿದ್ದೇವೆ ಅಂತ ಕಂಪನಿ ತಿಳಿಸಲೇಬೇಕು. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ 2024ರ ಸುತ್ತೋಲೆಯ ಪ್ರಕಾರ, ಆರೋಗ್ಯ ವಿಮೆಯ ಕ್ಲೇಮನ್ನು ಕಂಪನಿಯ ಪರಿಶೀಲನಾ ಸಮಿತಿ ಒಪ್ಪದೆ ತಿರಸ್ಕರಿಸುವಂತಿಲ್ಲ. ಟಿಪಿಎ (ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆ) ಕಳಿಸಿದ ಎರಡು ಸಾಲಿನ ಮೆಸೇಜಿಗೆ ಸುಮ್ಮನಾಗಬೇಡಿ. ಆ ಷರತ್ತನ್ನು ಪಾಲಿಸಿ ಪುಸ್ತಕದಲ್ಲಿ ಹುಡುಕಿ ನೀವೇ ಓದಿ.

ಜಾಸ್ತಿ ಕೇಳಿಬರುವ ಕಾರಣ ‘ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ’ ಅನ್ನುವುದು. ಇಲ್ಲಿ ಎರಡು ಲೆಕ್ಕ ನೆನಪಿಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಆ ಕಾಯಿಲೆಗೆ ಕ್ಲೇಮು ಸಿಗದ ಶುರುವಿನ ಕಾಲ) 36 ತಿಂಗಳು ಮೀರುವಂತಿಲ್ಲ. ಪಾಲಿಸಿ ತಪ್ಪದೆ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಅಂತ ಕ್ಲೇಮು ನಿರಾಕರಿಸುವ ಹಾಗಿಲ್ಲ. ಪ್ರಪೋಸಲ್ ಫಾರ್ಮಿನ, ಅಂದರೆ ಪಾಲಿಸಿ ಕೊಳ್ಳುವಾಗ ತುಂಬಿದ ಅರ್ಜಿಯ, ಪ್ರತಿಯನ್ನೂ ಕೇಳಿ ಪಡೆಯಿರಿ. ಅದನ್ನು ಏಜೆಂಟರೇ ತುಂಬಿ ಸಹಿಯಷ್ಟೇ ಹಾಕಿಸಿಕೊಂಡಿರುವುದು ಉಂಟು. ಬಿಪಿ, ಶುಗರ್ ಇದೆ ಅಂತ ನೀವು ಹೇಳಿದ್ದರೂ ಅಲ್ಲಿ ‘ಇಲ್ಲ’ ಅಂತ ಇರಬಹುದು. ಜಗಳದ ಬೇರು ಎಷ್ಟೋ ಸಲ ಈ ಒಂದು ಹಾಳೆಯಲ್ಲೇ ಇರುತ್ತದೆ.

ಕಂಪನಿಗೆ ದೂರು

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ. ಪಾಲಿಸಿ ನಂಬರು, ಕ್ಲೇಮು ನಂಬರು, ಕೇಳುತ್ತಿರುವ ಮೊತ್ತ, ಕಂಪನಿ ಕೊಟ್ಟ ಕಾರಣ, ಅದು ಯಾಕೆ ತಪ್ಪು. ಇಷ್ಟು ಒಂದು ಪುಟದಲ್ಲಿ ಮುಗಿಯಲಿ. ಚಿಕಿತ್ಸೆ ಯಾಕೆ ಬೇಕಿತ್ತು ಅಂತ ಡಾಕ್ಟರಿಂದ ಬರೆಸಿದ ಪತ್ರವಿದ್ದರೆ ಬಲ ಬರುತ್ತದೆ. ಇದೇ ದೂರನ್ನು ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ಹಾಕಬಹುದು, 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು.

ಆಮೇಲೆ ಒಂಬುಡ್ಸ್‌ಮನ್

ಒಂದು ತಿಂಗಳಾದರೂ ಉತ್ತರ ಬರಲಿಲ್ಲವೇ? ಬಂದ ಉತ್ತರ ಒಪ್ಪಿಗೆಯಿಲ್ಲವೇ? ಆಗ ವಿಮೆಯ ದೂರುಗಳನ್ನು ಕೇಳಿ ತೀರ್ಪು ಕೊಡುವ ಅಧಿಕಾರಿ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ಬೀದರಿನವರೂ ಕಾರವಾರದವರೂ ಇದಕ್ಕಾಗಿ ಬಸ್ಸು ಹತ್ತಬೇಕಿಲ್ಲ.

ಶುಲ್ಕವಿಲ್ಲ, ವಕೀಲರಿಗೆ ಜಾಗವೇ ಇಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ. ಪೂರ್ತಿ ನಿರಾಕರಣೆಗೆ ಮಾತ್ರ ಅಂದುಕೊಳ್ಳಬೇಡಿ, ರೂಮ್ ಬಾಡಿಗೆ ಮಿತಿ ಹೇಳಿ ಬಿಲ್ಲು ಕತ್ತರಿಸಿದ್ದಕ್ಕೂ ದೂರು ಕೊಡಬಹುದು. ಕೆಲಸದ ಕಡೆಯಿಂದ ಸಿಕ್ಕ ಗುಂಪು ಪಾಲಿಸಿಗೂ ಇದು ಅನ್ವಯ. ಕಂಪನಿ ನಿಮ್ಮ ದೂರು ತಳ್ಳಿಹಾಕಿದ ಒಂದು ವರ್ಷದೊಳಗೆ ಹೋಗಬೇಕು. ಎಲ್ಲ ದಾಖಲೆ ಕೈಸೇರಿದ ಮೂರು ತಿಂಗಳೊಳಗೆ ತೀರ್ಪು ಬರಬೇಕು. ತೀರ್ಪಿಗೆ ಕಂಪನಿ ಬದ್ಧ. 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಕೊಡಬೇಕಾಗುತ್ತದೆ.

ಗ್ರಾಹಕರ ಆಯೋಗ ಯಾವಾಗ?

ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ಗ್ರಾಹಕರ ಆಯೋಗದಲ್ಲಿ ಕೇಸು ಹಾಕಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಆದರೆ ಒಂಬುಡ್ಸ್‌ಮನ್ ತೀರ್ಪು ನಿಮಗೆ ಒಪ್ಪಿಗೆಯಾಗದಿದ್ದರೆ ಆಯೋಗದ ದಾರಿ ತೆರೆದೇ ಇರುತ್ತದೆ. ಮೊದಲು ಒಂಬುಡ್ಸ್‌ಮನ್ ಅಂತ ಒತ್ತಿ ಹೇಳುವುದು ಅದಕ್ಕೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಯಾವ ಆಯೋಗ ಅನ್ನುವುದು ಕಟ್ಟಿದ ಪ್ರೀಮಿಯಂ ಮೇಲೆ ನಿಲ್ಲುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಮನೆಮಂದಿಯ ಆರೋಗ್ಯ ಪಾಲಿಸಿಗಳು ಸಾಮಾನ್ಯವಾಗಿ ಈ ಮಿತಿಯೊಳಗೇ ಬರುತ್ತವೆ. ಕ್ಲೇಮು ತಿರಸ್ಕಾರವಾಗಿ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಒಂಬುಡ್ಸ್‌ಮನ್ ಬಳಿ ಕಳೆದ ತಿಂಗಳುಗಳನ್ನೂ ಈ ಲೆಕ್ಕದಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ. ದೂರನ್ನು ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.