ಮನೆಯಲ್ಲಿ ಉಳಿದ ಔಷಧಿಯನ್ನು ಕೇಳಿ ಪಡೆಯುವ ಬಗೆ: ಮುಂಬಯಿಯ ಕನ್ನಡ ಸಂಘಗಳಿಗೊಂದು ಕೈಪಿಡಿ

ಉಳಿದ ಔಷಧಿಯ ಸಂಗ್ರಹವೆಂದೊಡನೆ ನಮ್ಮ ಸಂಘ-ಸಂಸ್ಥೆಗಳು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ, ಕಚೇರಿಯ ಬಾಗಿಲ ಬಳಿ ಒಂದು ಪೆಟ್ಟಿಗೆಯನ್ನಿಟ್ಟು ವಾಟ್ಸಾಪ್ ಬಳಗಕ್ಕೆ ಒಂದು ಸಂದೇಶ ಹಾಕುವುದು. ಕೆಲವೇ ದಿನಗಳಲ್ಲಿ ಆ ಪೆಟ್ಟಿಗೆಯೊಳಗೆ ಅರ್ಧ ಖಾಲಿಯಾದ ಕೆಮ್ಮಿನ ಸಿರಪ್, ಅವಧಿ ಮುಗಿದ ಮುಲಾಮು, ಹೆಸರೇ ಕಾಣದಂತೆ ಕತ್ತರಿಸಿದ ಗುಳಿಗೆಯ ತುಂಡುಗಳು ಬಂದು ಬೀಳುತ್ತವೆ. ಸಾವಿರಾರು ರೂಪಾಯಿ ಬೆಲೆಯ, ಸೀಲು ಒಡೆಯದ ಔಷಧಿ ಮಾತ್ರ ಮನೆಗಳ ಕಪಾಟಿನಲ್ಲೇ ಕುಳಿತು ಅವಧಿ ಮುಗಿಸಿಕೊಳ್ಳುತ್ತದೆ. ಕೊಡುವ ಮನಸ್ಸು ನಮ್ಮ ಜನರಿಗೆ ಬೇಕಾದಷ್ಟಿದೆ. ಯಾವುದನ್ನು ಕೊಡಬಹುದು, ಕೊಟ್ಟದ್ದು ಯಾರ ಕೈ ಸೇರುತ್ತದೆ, ನಾಳೆ ಅದರಿಂದ ತಮಗೇನಾದರೂ ತೊಂದರೆ ಬಂದೀತೇ ಎಂಬುದು ತಿಳಿಯದೆ ಅವರು ಹಿಂಜರಿಯುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರ ಸಿದ್ಧವಿಲ್ಲದಿದ್ದರೆ ಸಂಗ್ರಹವನ್ನು ಆರಂಭಿಸದಿರುವುದೇ ಮೇಲು.

ಆದ್ದರಿಂದ ಔಷಧಿ ಕೊಡುವವರನ್ನು ಹುಡುಕುವ ಮೊದಲು ಅದನ್ನು ಪಡೆಯುವ ಸಂಸ್ಥೆಯನ್ನು ಗೊತ್ತುಮಾಡಿಕೊಳ್ಳಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ 18ನೆಯ ಕಲಮಿನಂತೆ ಪರವಾನಗಿ ಇಲ್ಲದೆ ಔಷಧಿಯನ್ನು ಮಾರುವುದಷ್ಟೇ ಅಲ್ಲ, ಹಂಚುವುದೂ ನಿಷಿದ್ಧವಾಗಿದೆ. ಅಮೆರಿಕದ ಬಹುಪಾಲು ರಾಜ್ಯಗಳು ಉಳಿದ ಔಷಧಿಯ ದಾನಕ್ಕೆಂದೇ ಕಾನೂನು ಮಾಡಿಕೊಂಡು, ಸದುದ್ದೇಶದಿಂದ ಕೊಟ್ಟವರಿಗೂ ಪರೀಕ್ಷಿಸಿ ವಿತರಿಸಿದ ಔಷಧಾಲಯಗಳಿಗೂ ರಕ್ಷಣೆ ಒದಗಿಸಿವೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಹೀಗಿರುವಾಗ ಸಂಘದ ಪದಾಧಿಕಾರಿಗಳೇ ಗುಳಿಗೆ ಹಂಚಲು ಹೊರಡುವುದು ದುಡುಕಿನ ಕೆಲಸವಾಗುತ್ತದೆ. ನೋಂದಾಯಿತ ವೈದ್ಯರೂ ಫಾರ್ಮಸಿಸ್ಟರೂ ಇರುವ ಧರ್ಮಾರ್ಥ ಚಿಕಿತ್ಸಾಲಯವೊಂದನ್ನು ಗೊತ್ತುಮಾಡಿಕೊಂಡು, ಅವರು ಯಾವ ಔಷಧಿಗಳನ್ನು ಸ್ವೀಕರಿಸುತ್ತಾರೆ, ಅವಧಿ ಕನಿಷ್ಠ ಎಷ್ಟು ತಿಂಗಳು ಬಾಕಿ ಇರಬೇಕು, ಯಾವ ದಿನ ಯಾರು ಬಂದು ಒಯ್ಯುತ್ತಾರೆ ಎಂಬುದನ್ನು ಬರೆಹದಲ್ಲಿ ಪಡೆದುಕೊಳ್ಳಬೇಕು. ಪರೇಲಿನ ಕೆಇಎಂ, ಸಯನ್, ನಾಯರ್ ಮುಂತಾದ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರಿರುತ್ತಾರೆ. ಔಷಧಿ ಕೊಳ್ಳಲಾಗದೆ ಅಲೆಯುವ ರೋಗಿಗಳ ಪರಿಚಯ ಅವರಿಗಿರುವಷ್ಟು ಬೇರೆ ಯಾರಿಗೂ ಇರುವುದಿಲ್ಲವಾದ್ದರಿಂದ, ಯಾವ ಔಷಧಿಗೆ ಬೇಡಿಕೆ ಇದೆಯೆಂದು ಅವರನ್ನು ವಿಚಾರಿಸುವುದು ಒಳ್ಳೆಯದು. ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಕಲಬುರಗಿ, ಬೆಳಗಾವಿಗಳ ಕಡೆಯಿಂದ ಬರುವ ರೋಗಿಗಳಿಗೆ ನೆರವಾಗುತ್ತಿರುವ ಕನ್ನಡಿಗರು ನಿಮ್ಮ ಬಳಗದಲ್ಲಿದ್ದರೆ ಅವರನ್ನೂ ಈ ಮಾತುಕತೆಗೆ ಕರೆದುಕೊಳ್ಳಬಹುದು.

ಸ್ವೀಕರಿಸುವ ಪಟ್ಟಿ ಚಿಕ್ಕದಾದಷ್ಟೂ ಬರುವ ಔಷಧಿಯ ಗುಣಮಟ್ಟ ಏರುತ್ತದೆ. 1992ರಿಂದ 1996ರವರೆಗೆ ಬೋಸ್ನಿಯಾದ ಯುದ್ಧಕಾಲದಲ್ಲಿ ಜಗತ್ತಿನ ನಾನಾ ಕಡೆಯಿಂದ ಹರಿದು ಬಂದ ಔಷಧಿಯಲ್ಲಿ ಸುಮಾರು 17,000 ಟನ್ನಿನಷ್ಟು ಉಪಯೋಗಕ್ಕೆ ಬಾರದೆ, ಅದನ್ನು ನಾಶಮಾಡುವುದೇ ಆ ದೇಶಕ್ಕೆ ಹೊಸ ಹೊರೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧಿ ದಾನಕ್ಕೆ ಮಾರ್ಗಸೂಚಿ ಹೊರಡಿಸಿ, ಮುಂದೆ ಅದನ್ನು ಪರಿಷ್ಕರಿಸಿದಾಗಲೂ, ದೇಶದಿಂದ ದೇಶಕ್ಕೆ ಕಳುಹಿಸುವ ದಾನದಲ್ಲಿ ರೋಗಿಗಳು ಹಿಂದಿರುಗಿಸಿದ ಔಷಧಿಗೆ ಜಾಗವೇ ಇಲ್ಲವೆಂದು ಹೇಳಿತು. ಮನೆಯಲ್ಲಿ ಔಷಧಿಯನ್ನು ಹೇಗೆ ಇಟ್ಟಿದ್ದರು ಎಂಬುದಕ್ಕೆ ಯಾರೂ ಹೊಣೆಗಾರರಲ್ಲ ಎಂಬುದು ಈ ಆಕ್ಷೇಪದ ತಿರುಳು, ಮತ್ತು ಅದು ನ್ಯಾಯವಾದ ಆಕ್ಷೇಪ. ಒಂದೇ ಊರಿನೊಳಗೆ, ಮನೆಯವರನ್ನು ಎದುರಿಗೇ ಕೇಳಿ ಪಡೆಯುವ ಸಂಗ್ರಹಕ್ಕೆ ಸ್ವಲ್ಪ ಹೆಚ್ಚಿನ ಅವಕಾಶವಿದೆ ಎಂದುಕೊಂಡರೂ, ಆ ಎಚ್ಚರವನ್ನು ಬಿಡುವಂತಿಲ್ಲ.

ನಮ್ಮ ದೇಶದಲ್ಲಿ ಗುಳಿಗೆಗಳು ಹೆಚ್ಚಾಗಿ ಸ್ಟ್ರಿಪ್ಪಿನಲ್ಲಿ ಬರುವುದು ಈ ಕೆಲಸಕ್ಕೆ ದೊಡ್ಡ ಅನುಕೂಲ. ಒಂದೊಂದು ಗುಳಿಗೆಯೂ ಬೇರೆಬೇರೆಯಾಗಿ ಮುಚ್ಚಿರುವುದರಿಂದ, ಆರು ಗುಳಿಗೆ ಬಳಸಿ ನಾಲ್ಕು ಉಳಿದ ಸ್ಟ್ರಿಪ್ ಕೂಡ ಕೆಲಸಕ್ಕೆ ಬರಬಹುದು, ಆದರೆ ಔಷಧಿಯ ಹೆಸರು, ಬ್ಯಾಚ್ ನಂಬರು ಮತ್ತು ಅವಧಿ ಮುಗಿಯುವ ತಿಂಗಳು ಓದುವಂತಿರಬೇಕು. ತೊಂದರೆ ಇರುವುದು ಇಲ್ಲಿಯೇ. ಇವು ಎಷ್ಟೋ ಸ್ಟ್ರಿಪ್ಪುಗಳಲ್ಲಿ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತವೆ, ಮತ್ತು ನಾವು ಯಾವ ತುದಿಯೆಂದು ನೋಡದೆ ಕತ್ತರಿಯಾಡಿಸುತ್ತೇವೆ. ಮೆಡಿಕಲ್ ಅಂಗಡಿಯವರು ಐದು ಗುಳಿಗೆ ಕತ್ತರಿಸಿ ಕೊಟ್ಟಾಗ ದಿನಾಂಕವಿರುವ ತುಂಡು ಅಂಗಡಿಯಲ್ಲೇ ಉಳಿಯುವುದೂ ಉಂಟು. ದಿನಾಂಕವಿಲ್ಲದ ತುದಿಯಿಂದ ಗುಳಿಗೆ ತೆಗೆಯುತ್ತ ಬನ್ನಿ, ಸ್ಟ್ರಿಪ್ ಕತ್ತರಿಸಬೇಡಿ ಎಂಬ ಒಂದು ಮಾತನ್ನು ಜನರಿಗೆ ರೂಢಿ ಮಾಡಿಸಿದರೆ, ಮುಂದಿನ ವರ್ಷದ ಸಂಗ್ರಹದ ಬಹುಪಾಲು ಸಮಸ್ಯೆ ಈ ವರ್ಷವೇ ಕರಗುತ್ತದೆ. ಬೆಳ್ಳಿಬಣ್ಣದ ಹಾಳೆಯ ಮೇಲೆ ಶಾಯಿಯಿಲ್ಲದೆ ಒತ್ತಿದ ಅಂಕೆಗಳು ಕಣ್ಣಿಗೆ ಕಾಣದಿದ್ದರೆ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದಾಗ ನೆರಳಿನಿಂದ ಓದಲು ಬರುತ್ತವೆ. ಅವಧಿಯಾಗಿ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನವೆಂದು ತಿಳಿಯಬೇಕು. ನನ್ನ ಅಭಿಪ್ರಾಯದಲ್ಲಿ ಕನಿಷ್ಠ ಆರು ತಿಂಗಳು ಬಾಕಿ ಇಲ್ಲದ್ದನ್ನು ತೆಗೆದುಕೊಳ್ಳಬಾರದು. ಪರಿಶೀಲನೆ, ಸಾಗಣೆ, ವಿತರಣೆಗೇ ತಿಂಗಳುಗಳು ಹಿಡಿಯುತ್ತವೆ.

ತೆರೆದ ಸಿರಪ್, ಕಣ್ಣಿನ ಹನಿ, ಮುಲಾಮು, ಡಬ್ಬಿಯಲ್ಲಿ ಬಿಡಿಯಾಗಿರುವ ಗುಳಿಗೆ, ಇವನ್ನು ಯಾರ ಮುಲಾಜಿಗೂ ಸ್ವೀಕರಿಸಬಾರದು. ಇನ್ಸುಲಿನ್ ತೆರೆಯದಿದ್ದರೂ 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸದಾ ಇತ್ತೆಂದು ಖಚಿತವಾಗಿ ಹೇಳಲಾಗದ ಕಾರಣ ಅದೂ ಬೇಡ. ಕ್ಯಾನ್ಸರ್ ರೋಗಿಗಳಿಗೆ ನೋವು ನಿವಾರಣೆಗೆ ಕೊಡುವ ಮಾರ್ಫಿನ್‌ನಂಥ ಔಷಧಿ 1985ರ ಮಾದಕ ದ್ರವ್ಯ ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ, ಸ್ವಯಂಸೇವಕರು ಅದನ್ನು ಕೈಯಲ್ಲೂ ಹಿಡಿಯದೆ, ಕೊಟ್ಟ ಆಸ್ಪತ್ರೆಯನ್ನೇ ಕೇಳಿ ನಡೆದುಕೊಳ್ಳುವಂತೆ ಮನೆಯವರಿಗೆ ಹೇಳಬೇಕು. ಕ್ಷಯರೋಗದ ಔಷಧಿ ಸರ್ಕಾರಿ ಕೇಂದ್ರದಿಂದ ಬಂದದ್ದಾದರೆ ಅಲ್ಲಿಗೇ ಹಿಂದಿರುಗಲಿ.

ಇನ್ನು ಯಾರನ್ನು, ಯಾವಾಗ ಕೇಳಬೇಕು ಎಂಬುದು. ಒಳ್ಳೆಯ ಔಷಧಿ ಉಳಿಯುವ ಸಂದರ್ಭಗಳು ಕೆಲವೇ: ವೈದ್ಯರು ಡೋಸ್ ಬದಲಿಸಿದಾಗ, ಒಂದು ಗುಳಿಗೆ ಒಗ್ಗದೆ ಬೇರೆಯದನ್ನು ಬರೆದುಕೊಟ್ಟಾಗ, ಹೆರಿಗೆಯ ನಂತರ ಕಬ್ಬಿಣಾಂಶದ ಗುಳಿಗೆಗಳು ಮಿಕ್ಕಾಗ, ಮಕ್ಕಳು ಮೂರು ತಿಂಗಳ ಬಿಪಿ-ಶುಗರ್ ಗುಳಿಗೆಯನ್ನು ಒಟ್ಟಿಗೆ ತರಿಸಿಟ್ಟ ಮೇಲೆ ಚಿಕಿತ್ಸೆ ಬದಲಾದಾಗ. ಎಲ್ಲಕ್ಕಿಂತ ಹೆಚ್ಚು ಬೆಲೆಯ ಔಷಧಿ ಉಳಿಯುವುದು, ದೀರ್ಘಕಾಲ ಕಾಯಿಲೆಯಲ್ಲಿದ್ದವರು ತೀರಿಕೊಂಡ ಮನೆಯಲ್ಲಿ. ಅಲ್ಲಿ ಕೇಳುವುದಕ್ಕೆ ಸಂಕೋಚವಾಗುವುದು ಸಹಜ. ಸತ್ತವರ ಮದ್ದನ್ನು ಇನ್ನೊಬ್ಬರಿಗೆ ಕೊಡುವುದು ಅಪಶಕುನವೆಂಬ ಅಳುಕೂ ನಮ್ಮವರಲ್ಲಿ ಕೆಲವರಿಗಿದೆ. ಉತ್ತರಕ್ರಿಯೆಯೋ ವೈಕುಂಠ ಸಮಾರಾಧನೆಯೋ ಮುಗಿಯುವವರೆಗೆ ಈ ಮಾತನ್ನೇ ಎತ್ತಬಾರದು. ಆನಂತರ ಮನೆಯವರಿಗೆ ಹತ್ತಿರದವರಾದ ಒಬ್ಬರು, ಅದರಲ್ಲೂ ಹೆಂಗಸರು, ಹೋಗಿ, “ಅಕ್ಕ, ಭಾವನವರ ಮದ್ದು ಒಡೆಯದೆ ಉಳಿದಿದ್ದರೆ ಬಿಸಾಡಬೇಡಿ, ನಾವು ಬಂದು ನೋಡಿ ಆಗುವಂಥದ್ದನ್ನು ಮಾತ್ರ ಕೊಂಡುಹೋಗುತ್ತೇವೆ” ಎಂದು ಹೇಳಿ ಬಂದರೆ ಸಾಕು. ಒತ್ತಾಯ ಬೇಡ. ಎಷ್ಟೋ ಮನೆಗಳಲ್ಲಿ ಆ ಚೀಲವನ್ನು ಇಟ್ಟುಕೊಳ್ಳಲೂ ಆಗದೆ ಎಸೆಯಲೂ ಆಗದೆ ಕಷ್ಟಪಡುತ್ತಿರುತ್ತಾರೆ. ಅದನ್ನು ತೆಗೆದುಕೊಂಡು ಹೋಗಲು ಒಬ್ಬರು ಸಿಕ್ಕಿದರೆಂಬ ಸಮಾಧಾನವೇ ಅವರಿಗೆ ಹೆಚ್ಚು.

ಔಷಧಿ ಪಡೆಯುವಾಗ ತಪ್ಪದೆ ಕೇಳಬೇಕಾದ ಪ್ರಶ್ನೆಯೊಂದಿದೆ: ಇದನ್ನು ನಿಲ್ಲಿಸಲು ವೈದ್ಯರು ಹೇಳಿದರೇ, ಇಲ್ಲವೆ ನೀವೇ ನಿಲ್ಲಿಸಿದಿರೇ? ದಾನದ ಉತ್ಸಾಹದಲ್ಲಿ ತಾವು ನುಂಗಬೇಕಾದ ಬಿಪಿ ಗುಳಿಗೆಯನ್ನೇ ತಂದುಕೊಡುವ ಹಿರಿಯರಿದ್ದಾರೆ. ಜ್ವರ ಇಳಿಯಿತೆಂದು ಆ್ಯಂಟಿಬಯೋಟಿಕ್‌ನ ಕೋರ್ಸ್ ಅರ್ಧಕ್ಕೇ ಬಿಟ್ಟವರಂತೂ ಲೆಕ್ಕವಿಲ್ಲದಷ್ಟು. ಅಂಥವರನ್ನು ಔಷಧಿಯ ಸಮೇತ ಅವರ ವೈದ್ಯರಲ್ಲಿಗೆ ಕಳುಹಿಸಬೇಕು. ಇದರೊಂದಿಗೆ ಗೌಪ್ಯದ ವಿಚಾರವೂ ಬರುತ್ತದೆ. ಲಕೋಟೆಯ ಮೇಲಿನ ರೋಗಿಯ ಹೆಸರು, ಚೀಟಿಯ ಮೇಲಿನ ಆಸ್ಪತ್ರೆಯ ಸಂಖ್ಯೆ ಇವನ್ನೆಲ್ಲ ಕೊಡುವವರ ಎದುರಿನಲ್ಲೇ ಹರಿದುಹಾಕಬೇಕು. ಮಾನಸಿಕ ಕಾಯಿಲೆಯ ಗುಳಿಗೆ ಯಾರ ಮನೆಯಿಂದ ಬಂತೆಂದು ಸೊಸೈಟಿಯಲ್ಲಿ ಒಮ್ಮೆ ಗುಸುಗುಸು ಹಬ್ಬಿದರೆ ಆ ಕಟ್ಟಡದಿಂದ ಮತ್ತೆ ಏನೂ ಬರುವುದಿಲ್ಲ, ಮತ್ತು ಬರದಿರುವುದೇ ಸರಿ.

ಪೆಟ್ಟಿಗೆಗೆ ಬದಲಾಗಿ, ವರ್ಷಕ್ಕೆ ಕೆಲವು ಬಾರಿ, ಭಾನುವಾರ ಬೆಳಗ್ಗೆ ಎರಡು ಗಂಟೆಗಳ ಶಿಬಿರ ನಡೆಸುವುದು ನನಗೆ ಸರಿಯೆನಿಸುವ ಕ್ರಮ. ಒಬ್ಬ ಫಾರ್ಮಸಿಸ್ಟ್, ಇಬ್ಬರು ಸ್ವಯಂಸೇವಕರು, ಒಂದು ಮೇಜು, ಒಂದು ರಿಜಿಸ್ಟರು ಇದ್ದರೆ ನಡೆಯುತ್ತದೆ. ಕೊಡುವವರ ಕಣ್ಣೆದುರೇ ಪರಿಶೀಲಿಸಿ, ಆಗದ್ದನ್ನು ಕಾರಣ ಹೇಳಿ ಹಿಂದಿರುಗಿಸಿದರೆ ಅವರಿಗೆ ಬೇಸರವಾಗುವುದೆಂದು ಕಾರ್ಯಕರ್ತರು ಹೆದರುತ್ತಾರೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಇವರು ಕಸವನ್ನು ಬಡವರಿಗೆ ದಾಟಿಸುವವರಲ್ಲ ಎಂಬ ನಂಬಿಕೆ ಹುಟ್ಟುವುದೇ ಆ ನಿರಾಕರಣೆಯಿಂದ. ಮಳೆಗಾಲದ ಮುಂಬಯಿಯ ತೇವ ಗುಳಿಗೆಗೆ ಶತ್ರುವಾದ್ದರಿಂದ ಜೂನ್‌ಗೆ ಮೊದಲು ಒಂದು ಶಿಬಿರ ನಡೆಸುವುದು ಮೇಲು. ಅಡುಗೆಮನೆಯ ಒಲೆಯ ಮೇಲಿನ ಕಪಾಟಿನಲ್ಲೋ ಸ್ನಾನದ ಮನೆಯಲ್ಲೋ ಇಟ್ಟಿದ್ದನ್ನು ಯಾವ ಕಾಲದಲ್ಲೂ ತೆಗೆದುಕೊಳ್ಳಬಾರದು.

ಪ್ರಚಾರಕ್ಕೆ ಹೆಚ್ಚು ಖರ್ಚಿನ ಅಗತ್ಯವಿಲ್ಲ. ಮಾಟುಂಗಾದಿಂದ ಡೊಂಬಿವಿಲಿಯವರೆಗೆ ಎಲ್ಲೆಲ್ಲೂ ಭಜನಾ ಮಂಡಳಿ, ಶನಿಪೂಜೆ, ಯಕ್ಷಗಾನ, ತಾಳಮದ್ದಲೆ ನಡೆಯುತ್ತಿರುತ್ತವೆ; ಮಂಗಳಾರತಿಗೆ ಮೊದಲು ಒಂದು ನಿಮಿಷದ ಪ್ರಕಟಣೆ, ಕೈಗೊಂದು ಚೀಟಿ ಸಾಕು. ಆ ಚೀಟಿಯಲ್ಲಿ ಭಾಷಣ ಬೇಡ: ಶಿಬಿರದ ದಿನ, ಸ್ಥಳ, ಯಾವುದನ್ನು ತರಬೇಕು, ಯಾವುದನ್ನು ತರಬಾರದು, ಅದು ಯಾವ ಚಿಕಿತ್ಸಾಲಯಕ್ಕೆ ಹೋಗುತ್ತದೆ ಎಂಬುದಿಷ್ಟೇ ಇರಲಿ. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೆಯ ಅಲೆ ಏರಿದ್ದಾಗ ಮುಂಬಯಿಯ ವೈದ್ಯ ದಂಪತಿ ಮಾರ್ಕಸ್ ರಾನಿ ಮತ್ತು ರೈನಾ ರಾನಿ, ಗುಣಮುಖರಾದವರ ಮನೆಗಳಲ್ಲಿ ಉಳಿದ ಔಷಧಿಯನ್ನು ವಸತಿ ಕಟ್ಟಡಗಳಿಂದ ಸಂಗ್ರಹಿಸಿ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ತಲುಪಿಸುವ ಕೆಲಸ ಆರಂಭಿಸಿದಾಗ ಜನ ಕೂಡಲೇ ಸ್ಪಂದಿಸಿದರು. ಯಾವ ಕಾಯಿಲೆಯ ಔಷಧಿ ಬೇಕು, ಯಾರಿಗೆ ಬೇಕು, ಏಕೆ ಈಗಲೇ ಬೇಕು ಎಂಬುದು ಅಲ್ಲಿ ಯಾರಿಗೂ ವಿವರಿಸಬೇಕಾದ ಸಂಗತಿಯಾಗಿರಲಿಲ್ಲ. ಸಾಮಾನ್ಯ ದಿನಗಳಲ್ಲಿ ಆ ಸ್ಪಷ್ಟತೆಯನ್ನು ಚೀಟಿಯೇ ಕೊಡಬೇಕು. “ಔಷಧಿ ಕೊಡಿ” ಎನ್ನುವುದಕ್ಕಿಂತ “ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ, ಸೀಲು ಒಡೆಯದ ಗುಳಿಗೆ ಕೊಡಿ” ಎಂದರೆ ಜನ ಮನೆಗೆ ಹೋಗಿ ಕಪಾಟು ತೆರೆಯುತ್ತಾರೆ.

ಎರಡನೆಯ ಬಾರಿ ಕೊಡುವಂತೆ ಮಾಡುವುದು ಮೊದಲ ಬಾರಿಗಿಂತ ಕಷ್ಟ. ಪ್ರತಿ ಶಿಬಿರದ ನಂತರ ಬಂದದ್ದೆಷ್ಟು, ಆಯ್ದದ್ದೆಷ್ಟು, ಯಾವ ದಿನ ಯಾರ ಕೈಗೆ ಒಪ್ಪಿಸಿದೆವು ಎಂಬುದನ್ನು ಚಿಕಿತ್ಸಾಲಯದ ಸಹಿಯಿರುವ ರಸೀದಿಯೊಂದಿಗೆ ಕೊಟ್ಟವರಿಗೆಲ್ಲ ತಿಳಿಸಬೇಕು. ರೋಗಿಯ ಫೋಟೋ ತೆಗೆದು ಹಂಚುವುದು ಸಲ್ಲದು. ಶಾಲು ಹೊದಿಸುವ ಸಮಾರಂಭವೂ ಬೇಡವೆಂದೇ ನನ್ನ ಅಭಿಪ್ರಾಯ, ಆದರೆ ನಮ್ಮ ಸಂಘಗಳಲ್ಲಿ ಈ ಸಲಹೆ ಜಾರಿಗೆ ಬರುವ ನಿರೀಕ್ಷೆ ನನಗಿಲ್ಲ.

ತಿರಸ್ಕರಿಸಿದ್ದನ್ನು ಏನು ಮಾಡಬೇಕೆಂದು ಜನ ಖಂಡಿತ ಕೇಳುತ್ತಾರೆ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮುಗಿದ ಔಷಧಿಯನ್ನು ಮನೆಯ ಅಪಾಯಕಾರಿ ಕಸದಲ್ಲಿ ಎಣಿಸಿದ್ದವು. ಹಸಿ ಕಸ, ಒಣ ಕಸಗಳ ಜೊತೆ ಅದನ್ನು ಬೆರೆಸದೆ ಬೇರೆಯೇ ಕಟ್ಟಿ ಪಾಲಿಕೆಯ ಸಿಬ್ಬಂದಿಗೆ ಹೇಳಿ ಕೊಡಬೇಕು. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ 2025ರ ಮಾರ್ಗಸೂಚಿಯು ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಸೇರಿದಂತೆ 17 ಔಷಧಿಗಳನ್ನು ಮಾತ್ರ, ತಪ್ಪು ಕೈಗೆ ಬಿದ್ದರೆ ಜೀವಕ್ಕೇ ಅಪಾಯವೆಂಬ ಕಾರಣಕ್ಕೆ, ಶೌಚಾಲಯದಲ್ಲಿ ಹರಿಯಬಿಡಲು ಹೇಳಿದೆ; ಉಳಿದ ಯಾವ ಔಷಧಿಯನ್ನೂ ನೀರಿಗೆ ಬಿಡಬಾರದು. ಕೇರಳವು 2025ರಲ್ಲಿ ಕೋಯಿಕ್ಕೋಡಿನಿಂದ ಆರಂಭಿಸಿದಂತೆ ಮನೆಗಳಿಂದ ಇಂಥ ಔಷಧಿಯನ್ನು ಸರ್ಕಾರವೇ ಸಂಗ್ರಹಿಸಿ ವೈಜ್ಞಾನಿಕವಾಗಿ ನಾಶಪಡಿಸುವ ವ್ಯವಸ್ಥೆ ನಿಮ್ಮ ಬಡಾವಣೆಗೆ ಬರುವವರೆಗೆ, ಶಿಬಿರದಲ್ಲಿ ತಿರಸ್ಕೃತವಾದ ಔಷಧಿಯನ್ನು ಚಿಕಿತ್ಸಾಲಯದ ಜೈವಿಕ-ವೈದ್ಯಕೀಯ ತ್ಯಾಜ್ಯದೊಂದಿಗೆ ಸೇರಿಸಲು ಸಾಧ್ಯವೇ ಎಂದು ಮೊದಲ ಮಾತುಕತೆಯಲ್ಲೇ ಕೇಳಿಟ್ಟುಕೊಳ್ಳಿ. ಅವರು ಒಪ್ಪದಿದ್ದರೆ ಅದನ್ನು ಸಂಘದ ಕಚೇರಿಯಲ್ಲಿ ಕೂಡಿಡದೆ, ಅದೇ ದಿನ ತಂದವರಿಗೇ ಹಿಂದಿರುಗಿಸಬೇಕು.