ಹಳೆಯ ಮನೆಯ ಗೋಡೆಗೆ ಸಿಮೆಂಟ್ ಬೇಡ: ಸುಣ್ಣದ ಗಿಲಾವು ಮಾಡುವ ಕ್ರಮ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಸೋದರತ್ತೆಯ ಮನೆ ಇದೆ. ಓಣಿಯ ಕಡೆಗೆ ಕಲ್ಲಿನ ಕಟ್ಟೆ, ಒಳಗೆ ಸಾಗವಾನಿ ಕಂಬಗಳ ಪಡಸಾಲೆ, ಮೇಲೆ ಅಟ್ಟ, ಹಿಂದೆ ಬಾವಿ, ಪಾರಿಜಾತ ಮತ್ತು ಪೇರಲ ಮರಗಳಿರುವ ಹಿತ್ತಲು. ನಾಲ್ಕು ತಲೆಮಾರು ಬಾಳಿದ ಈ ಮನೆಯ ಹಿತ್ತಲ ಗೋಡೆಗೆ ಹನ್ನೆರಡು ವರ್ಷಗಳ ಹಿಂದೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲೆತ್ತರದಲ್ಲಿದ್ದ ತೇವ ಎದೆಯ ಮಟ್ಟಕ್ಕೇರಿತು. ಐದನೆಯ ವರ್ಷ ಸಿಮೆಂಟ್ ಹಪ್ಪಳದಂತೆ ಎದ್ದು ಬಿತ್ತು. ಬೀಳುವಾಗ ಹಿಂದಿನ ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬಿತ್ತು. ಆಮೇಲೆ ಅದೇ ಓಣಿಯಲ್ಲಿ ಇನ್ನೂ ಐದಾರು ಮನೆಗಳಿಗೆ ಇದೇ ಗತಿಯಾದುದನ್ನು ಕಂಡಿದ್ದೇನೆ. ಅದಕ್ಕಾಗಿಯೇ ಈ ಲೇಖನ.

ಹಳೆಯ ಗೋಡೆ ನೀರನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಕಲ್ಲು, ಮಣ್ಣು, ಸುಣ್ಣ ಮೂರೂ ಇದಕ್ಕೆ ಒಗ್ಗಿದ ವಸ್ತುಗಳು. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಹೊರಬರುವ ದಾರಿ ಮುಚ್ಚುತ್ತದೆ. ಒಳಗೇ ಉಳಿದ ನೀರು ಮೇಲಕ್ಕೇರುತ್ತದೆ. ಅದರಲ್ಲಿ ಕರಗಿದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಕಲ್ಲನ್ನು ಪುಡಿಮಾಡುತ್ತದೆ. ವರ್ಷಕ್ಕೆ 1,200 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಬೆಳಗಾವಿಯಲ್ಲಿ ಇದು ಬೇಗ ಆಗುತ್ತದೆ. ವಿಜಯಪುರದ ಒಣ ಹವೆಯಲ್ಲಿ ತುಸು ತಡವಾಗಬಹುದು, ಆಗದೆ ಇರುವುದಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಸಿಕ್ಕಿದ್ದೇ 1824ರಲ್ಲಿ. 1656ರ ಗೋಳಗುಮ್ಮಟದ 44 ಮೀಟರ್ ಅಗಲದ ಗುಮ್ಮಟವನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯೇ ಹಿಡಿದು ನಿಲ್ಲಿಸಿವೆ. ಸುಣ್ಣ ಮೆತ್ತಗಿನ ವಸ್ತು, ಬಾಳಿಕೆ ಬರುವುದಿಲ್ಲ ಎನ್ನುವವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಗೋಡೆಗೆ ಕೈ ಹಚ್ಚುವ ಮುನ್ನ ಹಿತ್ತಲಿಗೆ ಹೋಗಿ. ವರ್ಷ ವರ್ಷವೂ ಗೊಬ್ಬರ, ಮಣ್ಣು ಸುರಿದು ಹೂವಿನ ಮಡಿ ಒಳಗಿನ ನೆಲಕ್ಕಿಂತ ಎತ್ತರವಾಗಿದ್ದರೆ ನಿಮ್ಮ ಅರ್ಧ ರೋಗ ಅಲ್ಲೇ ಇದೆ. ಗೋಡೆಯುದ್ದಕ್ಕೂ ಎರಡು ಅಡಿ ಅಗಲ ಮಣ್ಣು ಬಗೆದು ತಗ್ಗಿಸಿ, ಅಲ್ಲಿ ಬರೀ ಜಲ್ಲಿ ತುಂಬಿ, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಡಿ. ಬಚ್ಚಲು ನೀರು ಬಾಳೆಗೆ ಹೋಗುವುದು ಒಳ್ಳೆಯ ಪದ್ಧತಿ, ಆದರೆ ಬಾಳೆ ಗೋಡೆಯ ಬುಡದಲ್ಲಿರಬಾರದು. ಹಿತ್ತಲಿಗೆಲ್ಲ ಪೇವರ್ ಹಾಸಿ ಅಚ್ಚುಕಟ್ಟು ಮಾಡುವವರಿದ್ದಾರೆ. ದಯವಿಟ್ಟು ಬೇಡ. ಮಣ್ಣಿಗೆ ಇಂಗಬೇಕಾದ ನೀರು ದಾರಿಯಿಲ್ಲದೆ ತಳಪಾಯಕ್ಕೇ ಹೋಗುತ್ತದೆ.

ಗೋಡೆಯ ಸಂದಿನಲ್ಲಿ ಅರಳಿ ಸಸಿ ಹುಟ್ಟಿದ್ದರೆ ಹಿಡಿದು ಎಳೆಯಬೇಡಿ, ಕಲ್ಲೇ ಸಡಿಲವಾಗುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದರೆ ಮತ್ತೆ ಕತ್ತರಿಸಿ. ಬೇರು ಸತ್ತ ಮೇಲೆ ಸಂದನ್ನು ಸುಣ್ಣದ ಗಾರೆಯಿಂದ ತುಂಬಿ. ಹಂಚು ಜರುಗಿದ್ದರೆ ಅದನ್ನೂ ಈಗಲೇ ಸರಿಪಡಿಸಿ.

ಸಿಮೆಂಟ್ ತೆಗೆಯುವುದು

ದೀಪಾವಳಿ ಮುಗಿದ ಮೇಲೆ ಆರಂಭಿಸಿ. ಬೆರಳ ಗಿಣ್ಣಿನಿಂದ ಗೋಡೆಯನ್ನು ತಟ್ಟುತ್ತಾ ಹೋಗಿ, ಡೊಳ್ಳು ಸದ್ದು ಬಂದ ಕಡೆಯಿಂದ ಸಣ್ಣ ಉಳಿ ಮತ್ತು ಸುತ್ತಿಗೆಯಲ್ಲಿ ಎಬ್ಬಿಸಿ. ಒಡೆಯುವ ಯಂತ್ರ ತರಿಸಬೇಡಿ, ಅದರ ನಡುಕಕ್ಕೆ ಒಳಗಿನ ಮಣ್ಣು ಉದುರುತ್ತದೆ. ಎಲ್ಲ ತೆಗೆದ ಮೇಲೆ ಒಣ ಕುಂಚದಿಂದ ಉಪ್ಪನ್ನು ಕೆರೆದು ಗುಡಿಸಿ, ಗೋಡೆಯನ್ನು ಎರಡು ತಿಂಗಳು ಹಾಗೆಯೇ ಗಾಳಿಗೆ ಬಿಡಿ.

ಸುಣ್ಣ ಅರಳಿಸುವುದು

ಹೆಚ್ಚಿನವರು ಕೆಲಸ ಕೆಡಿಸಿಕೊಳ್ಳುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಓದಿ.

ಗೋಡೆಯನ್ನು ಒಣಗಲು ಬಿಟ್ಟ ದಿನವೇ ಸುಣ್ಣವನ್ನು ಅರಳಿಸಿಡಿ. ಸುಟ್ಟ ಸುಣ್ಣದ ಕಲ್ಲು ಹೊಸದಾಗಿರಬೇಕು. ಕೈಗೆ ಹಗುರ, ಒಂದಕ್ಕೊಂದು ತಟ್ಟಿದರೆ ಮಡಕೆಯ ಚೂರಿನಂತೆ ಸದ್ದು. ಅದು ಒಳ್ಳೆಯ ಕಲ್ಲು. ಚೀಲದಲ್ಲಿ ತಾನಾಗಿಯೇ ಪುಡಿಯಾಗಿದ್ದರೆ ಗಾಳಿಯ ತೇವ ಕುಡಿದು ಸತ್ತಿದೆ, ಹಿಂದಿರುಗಿಸಿ.

ಕಬ್ಬಿಣದ ಡ್ರಮ್ಮಿನಲ್ಲಿ ಸುಣ್ಣದ ಮೂರರಷ್ಟು ನೀರು ತುಂಬಿ. ನೀರಿಗೆ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಸುರಿದರೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಕರಗಿ ಸೊಟ್ಟಗಾಗುತ್ತದೆ, ಅದರ ಹತ್ತಿರ ಹೋಗಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ. ಮಕ್ಕಳನ್ನು ಒಳಗೆ ಕಳಿಸಿ. ಒಂದೊಂದೇ ಕಲ್ಲು ಬಿಟ್ಟಾಗ ಮೊದಲು ಏನೂ ಆಗುವುದಿಲ್ಲ. ಆಮೇಲೆ ಸುಯ್ಯೆಂದು ಬಿರುಕು ಬಿಟ್ಟು, ಹೂವಿನಂತೆ ಅರಳಿ, ನೀರು ಕೊತಕೊತ ಕುದಿಯತೊಡಗುತ್ತದೆ. ಮೊದಲ ಸಲ ನಾನು ಡ್ರಮ್ಮಿನೊಳಗೆ ಬಗ್ಗಿ ನೋಡಿದಾಗ ಗಾರೆ ಕೆಲಸದ ಗೌಂಡಿ ನನ್ನ ತೋಳು ಹಿಡಿದು ಎಳೆದರು: “ಅಕ್ಕನವರೇ, ಒಳಗೆ ಇನ್ನೂ ಕುದಿಯುತ್ತಿದೆ, ಮುಖ ಹಿಂದೆ ತೆಗೆಯಿರಿ.” ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಕುದಿತ ನಿಂತು ತಣ್ಣಗಾದ ಮೇಲೆ ಕೋಲಿನಿಂದ ತಿರುವಿ, ಸಣ್ಣ ಜಾಲರಿಯಲ್ಲಿ ಸೋಸಿ. ಸೋಸದೆ ಬಿಟ್ಟರೆ ಅರಳದ ಕಣಗಳು ಗೋಡೆಯೊಳಗೆ ಕುಳಿತು, ತಿಂಗಳುಗಳ ನಂತರ ತೇವ ಕುಡಿದು ಉಬ್ಬಿ, ಸಾಸಿವೆ ಗಾತ್ರದ ಕುಳಿಗಳನ್ನು ಎಬ್ಬಿಸುತ್ತವೆ. ಸೋಸಿದ ಸುಣ್ಣದ ಮೇಲೆ ಸದಾ ನಾಲ್ಕು ಬೆರಳು ನೀರು ನಿಂತಿರಬೇಕು. ಹೀಗೆ ಕನಿಷ್ಠ ಮೂರು ವಾರ. ಎರಡು ತಿಂಗಳಾದರೆ ಇನ್ನೂ ಒಳ್ಳೆಯದು. ಹದವಾದ ಸುಣ್ಣವನ್ನು ಥಾಪಿಯಲ್ಲಿ (ಗಾರೆ ಬಳಿಯುವ ಕರಣೆಯಲ್ಲಿ) ಕತ್ತರಿಸಿದರೆ ಬೆಣ್ಣೆಯಂತೆ ನುಣ್ಣಗೆ ಕತ್ತರಿಸುತ್ತದೆ, ಥಾಪಿಯನ್ನು ಓರೆ ಮಾಡಿದರೂ ಜಾರಿ ಬೀಳುವುದಿಲ್ಲ.

ಇಷ್ಟು ಕಾಯಲಾಗದು ಎಂದು ಅಂಗಡಿಯಿಂದ ಸುಣ್ಣದ ಪುಡಿಯ ಚೀಲ ತರುವವರಿಗೆ ಒಂದೇ ಮಾತು: ಅದನ್ನೂ ಒಂದು ವಾರ ನೀರಿನಲ್ಲಿ ನೆನೆಸಿ. ಚೀಲ ಹಳೆಯದಾಗಿದ್ದರೆ ಅದಕ್ಕೆ ಹಿಡಿಯುವ ಗುಣ ಉಳಿದಿರುವುದಿಲ್ಲ.

ಗಾರೆ ಕಲಸುವುದು

ಸುಣ್ಣ ಒಂದು ಪಾಲು, ಮರಳು ಎರಡು, ಸೋಸಿದ ಇಟ್ಟಿಗೆ ಪುಡಿ ಒಂದು. ಮರಳನ್ನು ಅಂಗೈಯಲ್ಲಿ ಉಜ್ಜಿದಾಗ ಕೆಸರು ಮೆತ್ತಿದರೆ ತೊಳೆದು ಬಳಸಿ. ಕಲ್ಲು ಪುಡಿಮಾಡಿ ತಯಾರಿಸಿದ ಎಂ ಸ್ಯಾಂಡ್ ಆದರೆ ತೊಳೆಯಲೇಬೇಕು. ಚೆನ್ನಾಗಿ ಬೆಂದ ಇಟ್ಟಿಗೆಯ ನುಣುಪು ಪುಡಿ ಸುಣ್ಣದೊಡನೆ ಕೂಡಿ, ತೇವದಲ್ಲೂ ಗಟ್ಟಿಯಾಗುವ ಗುಣ ಕೊಡುತ್ತದೆ. ನಮ್ಮ ಊರಿನ ಮಳೆಗೆ ಅದು ಬೇಕೇಬೇಕು. ನೀರನ್ನು ಹೆಚ್ಚು ಸೇರಿಸಬೇಡಿ, ಕುಟ್ಟಿ ಕುಟ್ಟಿ ಕಲಸಿ. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು, ಈಗ ಆ ಕೆಲಸವನ್ನು ತೋಳು ಮಾಡಬೇಕು.

ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸುವುದು ಹಳೆಯ ಪದ್ಧತಿ. ಅಳತೆ ಗೊತ್ತಿರುವ ಗೌಂಡಿ ಇದ್ದರೆ ಮಾಡಿಸಿ. ವಿಡಿಯೊ ನೋಡಿ ಕೈಗೆ ಸಿಕ್ಕಷ್ಟು ಬೆಲ್ಲ ಸುರಿಯುವುದಕ್ಕಿಂತ ಬಿಡುವುದೇ ಮೇಲು.

ಇನ್ನೊಂದು ವಿಷಯಕ್ಕೆ ಎದುರಿಗೇ ನಿಂತು ಕಾವಲು ಕಾಯಿರಿ. ಬೇಗ ಬಿಗಿಯಲಿ ಎಂದು ಒಂದು ಬುಟ್ಟಿ ಸಿಮೆಂಟ್ ಸೇರಿಸುವ ಅಭ್ಯಾಸ ಬಹಳ ಜನರಿಗಿದೆ. ಸುಣ್ಣದ ಕೆಲಸವೆಂದು ಹಣ ಕೊಟ್ಟು, ಮತ್ತೆ ಅದೇ ರೋಗವನ್ನು ಮನೆಗೆ ತಂದಂತಾಗುತ್ತದೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕೂಡ ತೇವದ ಗೋಡೆಗೆ ಆಗದು.

ಬಳಿಯುವುದು ಮತ್ತು ಆರೈಕೆ

ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಗೋಡೆಗೆ ನೀರು ಚಿಮುಕಿಸಿ. ಗೋಡೆ ತೇವವಾಗಿರಬೇಕು, ಮೇಲೆ ನೀರು ಮಿನುಗಬಾರದು. ಆಳವಾದ ಗುಂಡಿಗಳನ್ನು ಮೊದಲು ಕಲ್ಲಿನ ಚೂರು ಮತ್ತು ಗಾರೆಯಿಂದ ತುಂಬಿ. ನಂತರ ಹತ್ತು ಮಿಲಿಮೀಟರಿಗಿಂತ ದಪ್ಪವಾಗದ ಪದರನ್ನು ಥಾಪಿಯಿಂದ ಬಡಿದು ಕೂರಿಸಿ, ಅಡ್ಡಡ್ಡ ಗೀರೆಳೆಯಿರಿ. ಒಂದೇ ಪದರಿನಲ್ಲಿ ಒಂದು ಇಂಚು ಮುಗಿಸಿಬಿಡುತ್ತೇನೆ ಎನ್ನುವ ಗೌಂಡಿಗೆ ಒಪ್ಪಬೇಡಿ.

ಸುಣ್ಣ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವುದರಿಂದ. ಅದಕ್ಕೆ ತೇವ ಬೇಕು. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಆಳಕ್ಕೆ ಮಾತ್ರ ಈ ಕ್ರಿಯೆ ಇಳಿಯುತ್ತದೆ. ಹಾಗಾಗಿ ಗೋಡೆಯ ಮುಂದೆ ಒದ್ದೆ ಗೋಣಿತಟ್ಟಿನ ಪರದೆ ಕಟ್ಟಿ. ತಟ್ಟು ಗೋಡೆಗೆ ತಾಗದೆ ಒಂದು ಗೇಣು ದೂರ ತೂಗಲಿ. ದಿನಕ್ಕೆ ಮೂರು ಸಲ ತೆಳ್ಳಗೆ ನೀರು ಸಿಂಪಡಿಸಿ. ಮೊದಲ ಎರಡು ದಿನ ಕೂದಲೆಳೆಯ ಬಿರುಕು ಕಂಡರೆ ನೀರು ಚಿಮುಕಿಸಿ, ಮರದ ಉಜ್ಜುಹಲಗೆಯಿಂದ ಒತ್ತಿ ತಿಕ್ಕಿ, ಮುಚ್ಚಿಕೊಳ್ಳುತ್ತದೆ. ಮೂರನೆಯ ದಿನ ಹೋದರೆ ಮುಚ್ಚುವುದಿಲ್ಲ. ಒಂದು ವಾರದಿಂದ ಹತ್ತು ದಿನ ಬಿಟ್ಟು, ಬೆರಳುಗುರು ಇಳಿಯದಷ್ಟು ಬಿಗಿಯಾದ ಮೇಲೆ ಎರಡನೆಯ ಪದರು. ಜನವರಿ, ಫೆಬ್ರುವರಿಯಲ್ಲೇ ಮುಗಿಸಿ. ಏಪ್ರಿಲ್ ಬಿಸಿಲು ಗಾರೆಯ ತೇವವನ್ನು ಒಂದೇ ದಿನದಲ್ಲಿ ಹೀರಿಬಿಡುತ್ತದೆ.

ಕೊನೆಗೆ ಹಾಲಿನಷ್ಟು ತೆಳುವಾದ ಸುಣ್ಣದ ನೀರಿನಿಂದ ನಾಲ್ಕು ಸಲ ಬಳಿಯಿರಿ. ಡಿಸ್ಟೆಂಪರ್, ಎಮಲ್ಷನ್, ತೇವ ತಡೆಯುತ್ತದೆ ಎಂದು ಮಾರುವ ಬಣ್ಣ ಯಾವುದೂ ಬೇಡ. ಇಷ್ಟೆಲ್ಲ ಮಾಡಿ ಗೋಡೆಯ ಬಾಯಿಯನ್ನು ಮತ್ತೆ ಕಟ್ಟಬಾರದು.

ಮೊದಲ ಮಳೆಗಾಲದಲ್ಲಿ ಗೋಡೆ ಅಲ್ಲಲ್ಲಿ ಕಪ್ಪಿಟ್ಟು ಕಂಡರೆ ಗಾಬರಿಯಾಗಬೇಡಿ. ಅದು ನೀರು ಕುಡಿದಿದೆ, ಬಿಸಿಲು ಬಿದ್ದ ಮೇಲೆ ಬಿಟ್ಟು ಬೆಳ್ಳಗಾಗುತ್ತದೆ. ಸೋದರತ್ತೆಯ ಹಿತ್ತಲ ಗೋಡೆ ಈಗ ಪ್ರತಿ ದೀಪಾವಳಿಗೆ ಹಾಗೆಯೇ ಬೆಳ್ಳಗಾಗುತ್ತದೆ. ಮಡಿಯಿಂದ ಕಿತ್ತಿಟ್ಟ ದಾಸವಾಳ, ಮಲ್ಲಿಗೆಗಳನ್ನು ಆಗ ಮತ್ತೆ ನೆಡಿ, ಜಲ್ಲಿಯ ಪಟ್ಟಿಯಿಂದ ಆಚೆಗೆ.