ಸಿದ್ದಿ ಊರಿನ ಹದಿಮೂರು ಮನೆಗಳಲ್ಲಿ ನಮ್ಮ ಏಳು ದಿನದ ಶಿಬಿರ: ನನ್ನ ಅನುಭವ

ಈ ಜನವರಿಯಲ್ಲಿ ಕಾರವಾರದಿಂದ 26 ವಿದ್ಯಾರ್ಥಿಗಳನ್ನು ಕರೆದುಕೊಂಡು ಯಲ್ಲಾಪುರ ತಾಲೂಕಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಂದು ಊರಿಗೆ ಹೋಗಿ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರವನ್ನು ಶಾಲೆಯ ಕೋಣೆಯಲ್ಲಿ ಮಾಡದೆ ಅಲ್ಲಿನ 13 ಮನೆಗಳಲ್ಲಿ ನಡೆಸಿ ಬಂದೆ. ಮನೆಗೆ ಇಬ್ಬರಂತೆ ಮಕ್ಕಳನ್ನು ಉಳಿಸುತ್ತೇನೆ ಎಂದಾಗ ಕಾರ್ಯಕ್ರಮಾಧಿಕಾರಿ ಮಿತ್ರರಲ್ಲಿ ಹೆಚ್ಚಿನವರು ಇದು ಆಗುವ ಮಾತಲ್ಲ ಎಂದಿದ್ದರು. ಈಗ ಅವರೇ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಅನುಮತಿ ಪತ್ರ, ಹಾಜರಿ ಪುಸ್ತಕ, ಕಡತಗಳ ವಿಷಯ ನಿಮಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಬಿಡುತ್ತೇನೆ.

ಈ ಊರಿಗೆ ಹೋದ ಮೊದಲ ವರ್ಷ ನಾನೂ ಎಲ್ಲರಂತೆ 50 ಮಕ್ಕಳನ್ನು ಕರೆದೊಯ್ದು ಶಾಲೆಯಲ್ಲಿ ಉಳಿಸಿದ್ದೆ. ಬಸ್ ಬಾಡಿಗೆ ಸುಮಾರು 24 ಸಾವಿರ, ಅಂಕೋಲೆಯಿಂದ ಕರೆತಂದ ಅಡುಗೆಯವರಿಗೆ 15–16 ಸಾವಿರ, ಶಾಮಿಯಾನ ಮತ್ತು ಮೈಕಿಗೆ ಏಳೆಂಟು ಸಾವಿರ, ಅದರ ಮೇಲೆ ದಿನಸಿ. ಒಟ್ಟು 70 ಸಾವಿರದ ಆಸುಪಾಸಿನಲ್ಲಿ ನಿಂತಿತು. ಕೈಯಿಂದ ಹಾಕಿದ ಹನ್ನೆರಡು ಸಾವಿರದಲ್ಲಿ ಅರ್ಧ ಮಾತ್ರ ಹಿಂದಕ್ಕೆ ಬಂತು. ಉದ್ಘಾಟನೆಯ ದಿನ ಭಾಷಣಕಾರರು, ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನು ಗೋವೆಗೆ ತಂದದ್ದು, ಅವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದು, 2003ರಲ್ಲಿ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು ಎಲ್ಲವನ್ನೂ ಒಂದು ಗಂಟೆ ವಿವರಿಸಿದರು. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಎದುರಿಗೆ ಕುಳಿತವರು ಆ ಕಥೆಯ ಮೊಮ್ಮಕ್ಕಳು. ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನ ಹಿರಿಯರು ಎದ್ದು ಹೋದರು. ಅದೇ ಸಂಜೆ, ಡಮಾಮು ಎಂಬ ಚರ್ಮವಾದ್ಯದ ಬಡಿತಕ್ಕೆ ಅವರು ಕುಣಿಯುವ ಡಮಾಮಿ ಕುಣಿತ ತೋರಿಸಿ ಎಂದು ಕೇಳಿದೆವು. ಕುಣಿದರು, ಊಟ ಮಾಡಿದರು, ಹೋದರು. ಕಾರವಾರದಲ್ಲಿ ಒಟ್ಟುಮಾಡಿ ಒಯ್ದಿದ್ದ ನಾಲ್ಕು ಚೀಲ ಹಳೆಯ ಬಟ್ಟೆಯನ್ನು ಶಾಲೆಯ ಬೆಂಚಿನ ಮೇಲೆ ಹರಡಿದ್ದೆವು, ಒಬ್ಬರೂ ಮುಟ್ಟಲಿಲ್ಲ. ನಾವು ಮಣ್ಣು ಹಾಕಿದ ರಸ್ತೆ ಮೊದಲ ಮಳೆಗೇ ಕೊಚ್ಚಿಕೊಂಡು ಹೋಯಿತು.

ಕಾರವಾರಕ್ಕೆ ಮರಳಿ ಮಕ್ಕಳ ವರದಿಗಳನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಐವತ್ತರಲ್ಲೂ ಅದೇ ಮುಗ್ಧ ಜನ, ಅದೇ ಸುಂದರ ಪರಿಸರ, ಅದೇ ಭಾಷಣದ ಮಾತುಗಳು. ಅಪರಿಚಿತರ ಮನೆಯ ಹೊಸ್ತಿಲಲ್ಲಿ ನಿಂತಾಗ ಮಗುವಿಗೆ ಅನ್ನಿಸುವುದು ಒಂದೇ ಬಾರಿ. ಅದು ಕಾಗದಕ್ಕೆ ಇಳಿಯುವ ಮೊದಲೇ ನಾವು ಅದರ ಮೇಲೆ ನಮ್ಮ ಮಾತನ್ನು ಸುರಿದುಬಿಟ್ಟಿದ್ದೆವು.

ಎರಡನೆಯ ವರ್ಷ ಭಾಷಣ ತೆಗೆದುಹಾಕಿದೆ. ಹತ್ತು ಮಕ್ಕಳನ್ನು ಮನೆಗಳಲ್ಲಿ ಉಳಿಸಿ, ಮೊದಲ ರಾತ್ರಿಯೇ ಅನ್ನಿಸಿದ್ದನ್ನೆಲ್ಲ ಒಂದು ಪುಟ ಬರೆಯಿರಿ ಎಂದು ಹೇಳಿ, ಮಾರನೆಯ ದಿನ ಎಲ್ಲರೆದುರು ಓದಿಸಿದೆ. ಅದು ತಪ್ಪಾಯಿತು, ಏಕೆಂದರೆ ಎರಡನೆಯ ರಾತ್ರಿಯಿಂದಲೇ ಅವರು ನನ್ನನ್ನು ಮೆಚ್ಚಿಸಲು ಬರೆಯತೊಡಗಿದರು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಒಬ್ಬ ಹುಡುಗ ಬರೆದ ಹಾಳೆ ಚಾಪೆಯ ಕೆಳಗೆ ಉಳಿದು, ಆ ಮನೆಯ ಏಳನೆಯ ತರಗತಿಯ ಹುಡುಗಿಯ ಕೈಗೆ ಸಿಕ್ಕಿತು. ಮನೆಯೊಳಗಿನ ಹೊಗೆ, ಹಾಸಿಗೆಯ ವಾಸನೆ ಎಂದೆಲ್ಲ ಅದರಲ್ಲಿತ್ತು. ಅವಳು ಅದನ್ನು ತಾಯಿಗೆ ಓದಿ ಹೇಳಿದಳು. ನಾನು ಹೋಗಿ ಕ್ಷಮೆ ಕೇಳಿದೆ. ಆ ತಾಯಿ ಚಹಾ ಕೊಟ್ಟು ಕಳಿಸಿದರು, ಆದರೆ ಈ ವರ್ಷ ನಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಒಪ್ಪಲಿಲ್ಲ. ಒಪ್ಪಬೇಕಾದ ಋಣವೂ ಅವರಿಗಿರಲಿಲ್ಲ.

ಈ ಬಾರಿ ಎರಡು ತಿಂಗಳು ಮೊದಲೇ ತಯಾರಿ ಶುರುಮಾಡಿದೆ. ಅಂಕೋಲೆ ದಾಟಿ ಅರಬೈಲ್ ಘಟ್ಟ ಹತ್ತಿ ಬೈಕಿನಲ್ಲಿ ನಾಲ್ಕು ಬಾರಿ ಹೋಗಿ ಬಂದೆ. ಒಂದು ದಾರಿಗೆ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ, ಪೆಟ್ರೋಲಿಗೇ ಎರಡೂವರೆ ಸಾವಿರ ಹೋಯಿತು. ಊರಿನ ಮುಖಂಡರನ್ನು ಮಾತ್ರ ಕೇಳದೆ ಒಲೆಯ ಮುಂದಿರುವವರನ್ನೇ ಕೇಳಿದೆ. ಮನೆಗಳಿಗೆ ಹಣ ಕೊಡಲಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ ಸೇರಿ ಮನೆಯೊಂದಕ್ಕೆ ಸುಮಾರು 1,100 ರೂಪಾಯಿಯ ದಿನಸಿ ಮುಟ್ಟಿಸಿದೆವು. ಪ್ರತಿ ಜೋಡಿಯೂ ಕಾರವಾರದ ಪೇಟೆಯಿಂದ ಅರ್ಧ ಕಿಲೋ ಒಣ ಶೆಟ್ಲಿ (ಸಿಗಡಿ) ಅಥವಾ ಒಣ ಬಂಗುಡೆಯನ್ನು ಕೈಯಲ್ಲಿ ಹಿಡಿದೇ ಮನೆಯೊಳಗೆ ಕಾಲಿಟ್ಟಿತು. ಘಟ್ಟದ ಮೇಲೆ ಒಣ ಮೀನೆಂದರೆ ಬಹಳ ಬೆಲೆ. ಸಾರಿಗೆ ಬಸ್ಸಿನಲ್ಲಿ ಯಲ್ಲಾಪುರಕ್ಕೆ, ಅಲ್ಲಿಂದ ಟೆಂಪೋದಲ್ಲಿ ಊರಿಗೆ ಹೋದೆವು. ಅಡುಗೆಯವರು, ಶಾಮಿಯಾನ, ಮೈಕು ಯಾವುದೂ ಇರಲಿಲ್ಲ. ಎಲ್ಲ ಸೇರಿ ಖರ್ಚು 40 ಸಾವಿರ ದಾಟಲಿಲ್ಲ. ಹೆಣ್ಣುಮಕ್ಕಳ ಮನೆಗಳನ್ನು ಅಂಗನವಾಡಿಯ ಸುತ್ತ, ಕೂಗಿದರೆ ಕೇಳುವಷ್ಟು ಹತ್ತಿರ ಆರಿಸಿ, ಇಬ್ಬರು ಉಪನ್ಯಾಸಕಿಯರನ್ನು ನಡುವಿನ ಮನೆಯಲ್ಲಿ ಉಳಿಸಿದ್ದರಿಂದ ಪಾಲಕರು ಒಪ್ಪಿದರು.

ಮೊದಲ ಎರಡು ದಿನ ಶ್ರಮದಾನವಿಲ್ಲ, ಬ್ಯಾನರ್ ಇಲ್ಲ, ಫೋಟೋ ಇಲ್ಲ. ಮನೆಯೊಡತಿ ಹೇಳಿದ ಕೆಲಸವೊಂದೇ. ಅಡಿಕೆ ಸುಲಿಯುವ ಕಾಲವಾದ್ದರಿಂದ ಹಲವರು ಮನೆಯವರ ಜೊತೆ ರಾತ್ರಿ ತೋಟದವರ ಅಂಗಳಕ್ಕೆ ಹೋಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತರು. ಡಬ್ಬಿಯ ಲೆಕ್ಕದಲ್ಲಿ ಕೂಲಿ. ಆ ಹೆಂಗಸರು ಒಂದು ಡಬ್ಬಿ ತುಂಬಿಸುವಷ್ಟರಲ್ಲಿ ನಮ್ಮ ಗಟ್ಟಿಮುಟ್ಟಾದ ಹುಡುಗನದು ತಳ ಮುಚ್ಚಿರಲಿಲ್ಲ. ರಾತ್ರಿ ಬರೆದ ಹಾಳೆಯನ್ನು ಅವರವರೇ ಲಕೋಟೆಯಲ್ಲಿ ಅಂಟಿಸಿ ನನಗೆ ಕೊಡಬೇಕು, ನಾನು ಓದದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ, ಆರನೆಯ ದಿನ ಅವರವರದು ಅವರವರಿಗೆ ಮರಳುತ್ತದೆ. ಬರೆಯಲು ಮೂರು ಪ್ರಶ್ನೆ ಕೊಡುತ್ತೇನೆ. ‘ಇಂದು ನಿಮ್ಮನ್ನು ಯಾರು, ಏನೆಂದು ಕರೆದರು?’ ಎಂಬುದು ಒಂದು. ಉಳಿದೆರಡನ್ನೂ, ಜೋಡಿ ಕಟ್ಟುವ ಬಗೆಯನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಐದು ಮಕ್ಕಳಿಗೆ ಬರೆಯುವ ಬದಲು ಮೊಬೈಲಿನಲ್ಲಿ ಮಾತಾಡಿ ದಾಖಲಿಸಲು ಹೇಳಿದ್ದೆ. ಅದರಲ್ಲಿ ಮಾತು ಹೆಚ್ಚಾಗಿ ಹುರುಳು ಕಡಿಮೆಯಾಯಿತು. ಹೊರಡುವ ಮೊದಲು ನೂರು ಕೊಂಕಣಿ ಪದಗಳ ಪಟ್ಟಿಯೊಂದನ್ನು ಹಂಚಿದ್ದೆ. ಸಿದ್ದಿಗಳ ಕೊಂಕಣಿ ಕಾರವಾರದ ಕೊಂಕಣಿಯಂತಲ್ಲ, ಹಲವು ಪದ ಕೂಡಲಿಲ್ಲ, ಆದರೆ ತಪ್ಪನ್ನು ತಿದ್ದುವ ನೆಪದಲ್ಲಿ ಆ ಮನೆಗಳ ಚಿಕ್ಕ ಮಕ್ಕಳು ನಮ್ಮವರಿಗೆ ಹತ್ತಿರವಾದರು. ಪಟ್ಟಿಯನ್ನು ತಿದ್ದದೆ ಹಾಗೆಯೇ ಮುಂದಿನ ವರ್ಷವೂ ಒಯ್ಯುತ್ತೇನೆ.

ನನಗೆ ಬಹಳ ಮುಖ್ಯವೆನಿಸಿದ್ದು ಬಿ.ಕಾಂ. ಎರಡನೆಯ ವರ್ಷದ ಒಬ್ಬ ಹುಡುಗಿಯ ಹಾಳೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೊದಲ ರಾತ್ರಿ ಅವಳು ಬರೆದದ್ದು: ‘ಇವರು ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತಾರೆ!’ ಮೂರನೆಯ ದಿನ ಅವಳು ಮನೆಯ ಅಜ್ಜಿಯ ಜೊತೆ ಕೌದಿ ಹೊಲಿಯಲು ಕುಳಿತಿದ್ದಳು. ಸಿದ್ದಿಗಳ ಕೌದಿಯಲ್ಲಿ ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ತುಂಡು ಬಟ್ಟೆಗಳನ್ನು ಕೂಡಿಸುತ್ತ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಹಚ್ಚದಿದ್ದರೆ ಆ ಕೌದಿ ಬತ್ತಲೆ ಎನ್ನುತ್ತಾರೆ. ಹೊಲಿಯುತ್ತ ಹುಡುಗಿ ಕನ್ನಡದ ಬಗ್ಗೆ ಮೊದಲ ರಾತ್ರಿ ಬರೆದ ಮಾತನ್ನೇ ಬಾಯಿಬಿಟ್ಟು ಹೇಳಿದಳು. ಅಜ್ಜಿ ಸೂಜಿ ನಿಲ್ಲಿಸಲಿಲ್ಲ. “ತಂಗೀ, ನೀನೂ ಮನೇಲಿ ಕೊಂಕಣಿ ಮಾತಾಡ್ತೀ, ನಾನೂ ಮನೇಲಿ ಕೊಂಕಣಿ ಮಾತಾಡ್ತೆ. ನಿನ್ನ ಕನ್ನಡ ಕೇಳಿ ಯಾರಾದ್ರೂ ಹಿಂಗೆ ಆಶ್ಚರ್ಯ ಪಟ್ಟಿದ್ದಾರಾ?” ಎಂದರು. ಆರನೆಯ ದಿನ ಲಕೋಟೆ ಒಡೆದಾಗ ಆ ಹುಡುಗಿ ತನ್ನ ಮೊದಲ ಸಾಲನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ ‘ನನ್ನ ಕನ್ನಡವನ್ನು ಈವರೆಗೆ ಯಾರೂ ಹೊಗಳಿಲ್ಲ, ಏಕೆಂದು ಇವತ್ತು ಗೊತ್ತಾಯಿತು’ ಎಂದು ಬರೆದಳು. ಹನ್ನೆರಡು ವರ್ಷಗಳಿಂದ ಶಿಬಿರ ಮಾಡಿಸುತ್ತಿರುವ ನಾನು ಇಂಥ ಒಂದು ಸಾಲನ್ನು ಯಾವ ವರದಿಯಲ್ಲಿಯೂ ಓದಿರಲಿಲ್ಲ. ಈ ಬಾರಿಯ 26 ವರದಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ.

ಡಮಾಮಿಯ ಮಾತನ್ನು ಯಾರೂ ಎತ್ತಬಾರದೆಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಐದನೆಯ ರಾತ್ರಿ ಊಟ ಮುಗಿದ ಮೇಲೆ ಮೇಲಿನ ಮನೆಯಂಗಳದಲ್ಲಿ ಡಮಾಮು ತಾನಾಗಿ ಬಡಿಯಿತು. ನಾನು ತಲುಪುವಷ್ಟರಲ್ಲಿ ನಮ್ಮ ಮಕ್ಕಳಲ್ಲಿ ಆರೇಳು ಜನ ಆಗಲೇ ಸಾಲಿನಲ್ಲಿ ಸೇರಿದ್ದರು.

ಹೊರಡುವ ದಿನ ಮನೆಯೊಡತಿಯರು ಮುಂದಿನ ಸಲ ಕೌದಿಗೆ ಹಳೆಯ ಸೀರೆ ತನ್ನಿ ಎಂದು ಹೇಳಿ ಕಳಿಸಿದರು. ಮೊದಲ ವರ್ಷ ಬೆಂಚಿನ ಮೇಲೆ ಅನಾಥವಾಗಿ ಬಿದ್ದಿದ್ದೂ ಅಂಥ ಬಟ್ಟೆಯೇ. ಈ ಬಾರಿ ಅವರೇ ಬೇಕೆಂದು ಕೇಳಿದ್ದಾರೆ, ಹತ್ತಿಯದೇ ಆಗಬೇಕು, ಪಾಲಿಯೆಸ್ಟರ್ ಬೇಡ ಎಂದೂ ತಿಳಿಸಿದ್ದಾರೆ. ಈವರೆಗೆ ಮೂವತ್ತರಷ್ಟು ಸೀರೆ ಒಟ್ಟಾಗಿವೆ. ಒಗೆದು ಮಡಿಸಿ, ಮನೆಗೆ ಎರಡರಂತೆ ಮಕ್ಕಳ ಕೈಯಲ್ಲೇ ಕೊಡಿಸಬೇಕೆಂದಿದ್ದೇನೆ.